ಬ್ಯಾನಿ ಇಲ್ಲ ಅಂದ ಅಜ್ಜಿ

ಮೊಣಕಾಲು ಬದಲಾಯಿಸಿಕೊಂಡವರ ಮನೆಗೆ ಹೋಗಿ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಆಪರೇಷನ್ ಆಗಿ ಹತ್ತೇ ದಿನಕ್ಕೆ ನೋವಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ಯಂಕಂಚಿ ಊರಿನ ಆ ಅಜ್ಜಿಯನ್ನೂ ನಂಬಲಿಲ್ಲ.

ಕಾಲು ಮಡಚಿಸಿದಾಗ ಅವರು ಮಂಚದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು.

"ಬ್ಯಾನಿ ಆಗತೈತೇನ್ರಿ?" ಎಂದು ನೋವು ವಿಚಾರಿಸಿದೆ.

"ಏನೂ ಇಲ್ರಿ!" ಪಕ್ಕದಲ್ಲಿ ಕೂತ ಗಂಡನಿಗೆ ಕೇಳಲೆಂದೇ ಜೋರಾಗಿ ಹೇಳಿದಂತಿತ್ತು.

ದಿಂಬಿನ ಕೆಳಗೆ ನೋವಿನ ಗುಳಿಗೆಗಳು ಕಂಡವು. ಒಂದನ್ನೂ ನುಂಗಿರಲಿಲ್ಲ. ಅದರ ಬದಲು ಯಾರೋ ಹೆಸರಿಲ್ಲದ ಔಷಧದ ಪುಡಿ ಕೊಡುತ್ತಿರಬೇಕೆಂದು ನನಗೆ ಸಂಶಯ. ಗಂಡ ಚಹಾ ಹೇಳಲು ಒಳಗೆ ಹೋದಾಗ ಕೇಳಿಯೇಬಿಟ್ಟೆ.

"ಪುಡಿ ಗಿಡಿ ಏನಿಲ್ರಿ ಸರ," ಅಜ್ಜಿ ಪಿಸುಗುಟ್ಟಿದರು. "ಬರೋ ತಿಂಗಳ ನಮ್ಮ ಮನಿಯವರ ಮೊಣಕಾಲಿಂದು ಆಪರೇಷನ್ ಐತಿ. ನಾ ಗುಳಿಗಿ ನುಂಗೂದ ನೋಡಿದ್ರ ಹೆದರಿ ಒಲ್ಲೆ ಅಂತಾರ."

"ಗುಳಿಗಿ ಬಿಟ್ರ ವ್ಯಾಯಾಮ ಮಾಡಾಕ ಆಗೂದಿಲ್ಲ, ಕಾಲು ಬಿಗೀತೈತ್ರಿ. ಅದನ್ನ ನೋಡಿ ಇನ್ನೂ ಹೆದರ್ತಾರ," ಎಂದೆ.

ಅಜ್ಜಿ ಸ್ವಲ್ಪ ಯೋಚಿಸಿ, ಊಟವಾದ ಮೇಲೆ ತಗೊಳ್ತೇನಿ ಎಂದು ಒಪ್ಪಿದರು.

ಹೊರಟಾಗ ಗಂಡ ಕುಂಟುತ್ತ ನನ್ನ ಬೈಕಿನ ತನಕ ಬಂದರು.

"ಖರೇ ಹೇಳ್ರಿ ಡಾಕ್ಟರ್ರ, ಆಕಿಗೆ ಏನಾಗೈತಿ? ನಲವತ್ತ ವರ್ಷದಾಗ ಒಂದ ದಿನಾನೂ ಬ್ಯಾನಿ ಇಲ್ಲ ಅಂದಾಕಿ ಅಲ್ಲ. ಈಗ ಹಂಗ ಅನ್ನಾಕತ್ತಾಳಂದ್ರ ನನಗ ಹೆದರಿಕಿ ಆಗೈತಿ."

"ಬ್ಯಾನಿ ಐತ್ರಿ," ಎಂದೆ.

"ಐತಲ್ಲ? ಹಂಗಾರ ಚಲೋ ಆತು ಬಿಡ್ರಿ!" ಅವರ ಮುಖ ಅರಳಿತು.

ರೋಗಿಗೆ ನೋವಿದೆ ಎಂದು ಹೇಳಿ ಮನೆಯವರಿಗೆ ಸಮಾಧಾನ ಮಾಡಿದ್ದು, ನನ್ನ ಕೆಲಸದಲ್ಲಿ ಅದೊಂದೇ ಸಲ.