ಹಿರಿಯರ ಹೆಸರು ಎಲ್ಲಿ ಹಾಕಬೇಕು

ಎದ್ದು ನಿಂತು ನಿಮ್ಮನ್ನು ನೀವೇ ಹೊಗಳಿಕೊಳ್ಳಿ ಅಂದರು. ಹೈದರಾಬಾದಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಸಮಾಜಶಾಸ್ತ್ರದ ಸಹಾಯಕ ಪ್ರಾಧ್ಯಾಪಕಿಯಾಗಿ ನಾನು ಸೇರಿದ ಮೊದಲ ವಾರ ಅದು. ಹುಡುಗರಿಗೆ ಇನ್ನೂ ಪಾಠ ಶುರುವಾಗಿರಲಿಲ್ಲ, ಮೇಷ್ಟರುಗಳಿಗೇ ಪಾಠ ನಡೆದಿತ್ತು. ಇದಕ್ಕೆ ಎಫ್‌ಡಿಪಿ ಅನ್ನುತ್ತಾರೆ, ಕಲಿಸುವವರನ್ನು ಕೂರಿಸಿ ಕಲಿಸುವ ತರಬೇತಿ. ಬೇರೆ ಬೇರೆ ಕಾಲೇಜುಗಳಿಂದ ಬಂದವರ ಮುಂದೆ ಒಬ್ಬೊಬ್ಬರೂ ಒಂದು ನಿಮಿಷ ಮಾತಾಡಬೇಕು, ನನ್ನಿಂದ ನಿಮಗೇನು ಲಾಭ ಎಂದು ಹೇಳಬೇಕು, ಕೇಳಿದವರ ಮನಸ್ಸಿಗೆ ಬಂದರೆ ಇಬ್ಬರೂ ಕೂಡಿ ಸಂಶೋಧನೆ ಮಾಡಬೇಕು. ನನಗೆ ಹೆಣ್ಣು ನೋಡುವ ಶಾಸ್ತ್ರ ನೆನಪಾಯಿತು. ಆದರೆ ಅಲ್ಲಿಯೂ ಹುಡುಗಿಯ ಗುಣಗಾನ ಮಾಡುವವರು ಸೋದರಮಾವನೋ ಚಿಕ್ಕಮ್ಮನೋ ಹೊರತು ಹುಡುಗಿಯೇ ಅಲ್ಲ.

ನನ್ನ ಸರದಿ ಬಂತು. ರಾಯಚೂರಿನ ನಮ್ಮ ಕಾಲೇಜಿನ ಹೆಸರು ಹೇಳಿದೆ. ನನಗೆ ವಿದ್ಯೆ ಕಲಿಸಿದ ಶರಣಪ್ಪ ಸರ್ ಹೆಸರು ಹೇಳಿದೆ. ಅವರು ತಿದ್ದಿ ತೀಡದಿದ್ದರೆ ನಾನು ಇಲ್ಲಿ ನಿಲ್ಲುತ್ತಿರಲಿಲ್ಲ ಎನ್ನುವಷ್ಟರಲ್ಲಿ ಗಂಟೆ ಬಾರಿಸಿದರು. ನನ್ನ ನಂತರ ಎದ್ದವಳು ನನಗಿಂತ ಬಹಳ ಚಿಕ್ಕವಳು. ತಾನು ಯಾವುದರಲ್ಲೆಲ್ಲ ನಿಪುಣೆ ಎಂದು ಪಟಪಟನೆ ಹೇಳಿ ಚಪ್ಪಾಳೆ ಗಿಟ್ಟಿಸಿದಳು. ನಮ್ಮ ಕಡೆ ಇಂಥವಳಿಗೆ ಬಾಯಿಬಡಕಿ ಅನ್ನುತ್ತಿದ್ದರು. ಇಲ್ಲಿ ಊಟದ ಹೊತ್ತಿಗೆ ಅವಳ ಸುತ್ತ ಜನ ಕೂಡಿದ್ದರು, ನನ್ನ ಪಕ್ಕದ ಕುರ್ಚಿ ಖಾಲಿ ಇತ್ತು.

ಈ ವಯಸ್ಸಿನಲ್ಲಿ ಗಂಡ, ಮಗಳನ್ನು ಊರಲ್ಲಿ ಬಿಟ್ಟು ಯಾಕೆ ಹೋದೆ ಎಂದು ನೀವು ಕೇಳಬಹುದು. ರಾಯಚೂರಿನಲ್ಲಿ ನಾನು ಅತಿಥಿ ಉಪನ್ಯಾಸಕಿಯಾಗಿದ್ದೆ. ಮನೆಗೆ ಬಂದ ಅತಿಥಿಗೆ ಚಾಪೆ ಹಾಸಿ ಚಹಾ ಕೊಡುವ ಜನ ನಾವು. ಕಾಲೇಜಿನ ಅತಿಥಿಗೆ ಮಾತ್ರ ರಜೆ ಬಂದರೆ ಕೆಲಸವೂ ಇಲ್ಲ, ಸಂಬಳವೂ ಇಲ್ಲ, ಮುಂದಿನ ವರ್ಷ ಕರೆಯುತ್ತಾರೆಂಬ ಖಾತರಿಯೂ ಇಲ್ಲ. ಹೈದರಾಬಾದಿನವರು ಕಾಯಂ ಮಾಡುತ್ತೇವೆ ಅಂದರು. ಒಂದೇ ಷರತ್ತು: ವರ್ಷ ಮುಗಿಯುವುದರೊಳಗೆ ಹೊರಗಿನ ಸಂಸ್ಥೆಯವರೊಂದಿಗೆ ಒಂದು ಜಂಟಿ ಸಂಶೋಧನೆ ಆಗಬೇಕು. ಆಗದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

ಕೊಂಡಾಪುರದ ಹೆಂಗಸರ ಹಾಸ್ಟೆಲಿನಲ್ಲಿ ಒಂದು ಮಂಚ ಸಿಕ್ಕಿತು. ಕೋಣೆಯ ಹುಡುಗಿಯರು ಕಂಪ್ಯೂಟರ್ ಕೆಲಸದವರು, ನನ್ನನ್ನು ಆಂಟಿ ಅನ್ನುತ್ತಾರೆ. ಊಟಕ್ಕೆ ಅನ್ನ, ಪಪ್ಪು, ಗೋಂಗೂರ. ಪಪ್ಪು ಅಂದರೆ ಬೇಳೆ. ಗೋಂಗೂರವೆಂದರೆ ಏನೋ ಹೊಸದು ಎಂದು ಹೆದರಿ ಬಾಯಿಗಿಟ್ಟರೆ ನಮ್ಮ ಪುಂಡಿಪಲ್ಯದ ಸೊಪ್ಪೇ! ಅಲ್ಲಿ ಜೋಳದ ನುಚ್ಚು ಹಾಕಿ ಕುದಿಸುತ್ತೇವೆ, ಇಲ್ಲಿ ಎಣ್ಣೆ, ಮೆಣಸಿನಕಾಯಿ ಸುರಿದು ಚಟ್ನಿ ಮಾಡುತ್ತಾರೆ. ಸಂಜೆ ರಸ್ತೆ ಬದಿಯಲ್ಲಿ ಬಿಸಿ ಬಿಸಿ ಜೊನ್ನ ರೊಟ್ಟೆ ಸಿಗುತ್ತದೆ, ಅದೂ ನಮ್ಮ ಜೋಳದ ರೊಟ್ಟಿಯೇ, ದಪ್ಪ ಮಾತ್ರ ತುಸು ಹೆಚ್ಚು. ಪೂರ್ತಿ ಪರದೇಶವಾಗಿದ್ದರೆ ನಾನು ಎಚ್ಚರದಿಂದ ಇರುತ್ತಿದ್ದೆನೋ ಏನೋ. ಎಲ್ಲ ಅರ್ಧ ನಮ್ಮದೇ ಆಗಿರುವುದರಿಂದ ಎಲ್ಲಿ ಎಡವುತ್ತೇನೆ ಎಂಬುದು ಎಡವಿದ ಮೇಲೆಯೇ ತಿಳಿಯುತ್ತದೆ. ಮಾತೂ ಹಾಗೆಯೇ. ಆಟೋದವನೊಂದಿಗೆ ಹಿಂದಿ, ಅಂಗಡಿಯಲ್ಲಿ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷು. ಕನ್ನಡಕ್ಕೆ ಫೋನು. ಹೆಚ್ಚು ಬಾಡಿಗೆ ಕೇಳಿದ ಆಟೋದವನಿಗೆ ಒಮ್ಮೆ ‘ನಕ್ಕೋ’ ಅಂದೆ. ಬೇಡ ಎನ್ನುವುದಕ್ಕೆ ಇಲ್ಲಿಯ ಮಾತು ಅದು. ಅವನು ತಾನಾಗಿಯೇ ಬಾಡಿಗೆ ಇಳಿಸಿದ, ಆವತ್ತೆಲ್ಲ ನಾನು ಗೆದ್ದ ಎತ್ತಿನಂತೆ ತಿರುಗಿದೆ.

ತರಬೇತಿಯ ಕೊನೆಯ ದಿನ ಆ ಖಾಲಿ ಕುರ್ಚಿಗೆ ಒಬ್ಬರು ಬಂದು ಕೂತರು. ವಿಜಯಲಕ್ಷ್ಮಿ ಮೇಡಂ, ಸಿಕಂದರಾಬಾದಿನ ಕಾಲೇಜೊಂದರಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕಿ, ನಿವೃತ್ತಿಗೆ ಹತ್ತಿರದವರು. ಕಟ್ಟಡ ಕೆಲಸದ ಹೆಂಗಸರಲ್ಲಿ ರಕ್ತಹೀನತೆ ಎಷ್ಟಿದೆ ಎಂದು ಪರೀಕ್ಷಿಸುವ ಆಸೆ ಅವರಿಗೆ ಬಹಳ ದಿನದಿಂದ ಇತ್ತಂತೆ. ಆದರೆ ಸೂಜಿ ಕಂಡರೆ ಆ ಹೆಂಗಸರು ಓಡುತ್ತಾರೆ, ಅವರ ಭಾಷೆ ತನಗೆ ಬಾರದು ಅಂದರು. ನಾನು ಎದ್ದು ನಿಂತುಬಿಟ್ಟೆ. ನನ್ನ ಹಾಸ್ಟೆಲಿನ ಹಿಂದೆ ಏಳುತ್ತಿದ್ದ ಕಟ್ಟಡದಲ್ಲಿ ಇಟ್ಟಿಗೆ ಹೊರುವವರೆಲ್ಲ ದೇವದುರ್ಗ, ಯಾದಗಿರಿ ಕಡೆಯ ಹೆಂಗಸರು. ದಿನಾ ಬೆಳಿಗ್ಗೆ ಅವರ ಬೈದಾಟದ ಕನ್ನಡ ಕೇಳಿಯೇ ನನಗೆ ಎಚ್ಚರವಾಗುತ್ತಿತ್ತು.

ಚಳಿಗಾಲದ ಭಾನುವಾರಗಳಲ್ಲಿ ಇಬ್ಬರೂ ಅಲ್ಲಿಗೆ ಹೋದೆವು. ಹಣಮವ್ವ ಎಂಬಾಕೆ ಸೆರಗು ಬಿಗಿದು ನನ್ನ ಮುಂದೆ ನಿಂತು, “ನಮ್ಮ ರಕ್ತ ಒಯ್ದು ಏನ್ ಮಾಡ್ತೀರಿ ಅಕ್ಕಾರ? ಮಾರ್ತೀರೇನು?” ಎಂದು ಕೇಳಿದಳು. ಯಾಕೆ, ಎಷ್ಟು ತೆಗೆಯುತ್ತೇವೆ, ಫಲಿತಾಂಶವನ್ನು ನಿಮ್ಮ ಕೈಗೇ ತಂದುಕೊಡುತ್ತೇವೆ ಎಂದು ವಿವರವಾಗಿ ಹೇಳಿದೆ. ಅವಳು ನನ್ನ ಊರು ಕೇಳಿದಳು, ಮನೆಯವರ ಬಗ್ಗೆ ಕೇಳಿದಳು, ಆಮೇಲೆ ತೋಳು ಚಾಚಿದಳು. ಅವಳ ಹಿಂದೆ ಉಳಿದವರೂ ಸಾಲು ನಿಂತರು. ನಾನು ಮಾತಾಡಿಸುವುದು, ಮೇಡಂ ರಕ್ತ ತೆಗೆಯುವುದು. ಹೈದರಾಬಾದಿಗೆ ಬಂದ ಮೇಲೆ ನನಗೂ ಇಲ್ಲಿ ಕೆಲಸವಿದೆ ಎಂದು ಅನಿಸಿದ್ದು ಆ ಭಾನುವಾರಗಳಲ್ಲೇ.

ಅಧ್ಯಯನದ ಸಾರಾಂಶವನ್ನು ಒಂದು ಸಮ್ಮೇಳನಕ್ಕೆ ಕಳಿಸಬೇಕಿತ್ತು. ಮೇಡಂ ಪರೀಕ್ಷೆಯ ಒಟ್ಟು ಲೆಕ್ಕ ಕೊಟ್ಟು ನನಗೇ ಬರೆಯಲು ಹೇಳಿದರು. ಬರೆದೆ, ಮೇಲೆ ಇಬ್ಬರ ಹೆಸರು ಹಾಕಿದೆ. ಲಗ್ನಪತ್ರಿಕೆ ನೋಡಿ ಬೆಳೆದವಳು ನಾನು. ಹಿರಿಯರ ಹೆಸರು ಮೊದಲು, ಕಿರಿಯರದು ಕೊನೆಗೆ. ಅದರಲ್ಲಿ ಯೋಚಿಸುವಂಥದ್ದೇನೂ ನನಗೆ ಕಾಣಲಿಲ್ಲ. ಮೇಡಂ ಹೆಸರು ಮೊದಲು ಹಾಕಿ, ನನ್ನದನ್ನು ಕೊನೆಗೆ ಇಟ್ಟು, ಸಮ್ಮೇಳನಕ್ಕೆ ಕಳಿಸಿ, ಅವರಿಗೂ ಒಂದು ಪ್ರತಿ ಕಳಿಸಿದೆ.

ಅಂದಿನಿಂದ ಮೇಡಂ ಫೋನು ಎತ್ತುವುದನ್ನು ಬಿಟ್ಟರು. ಮೆಸೇಜಿಗೆ ಬಿಜಿ ಎಂಬ ಒಂದೇ ಉತ್ತರ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಕಾದೆ. ಮುಂದಿನ ಭಾನುವಾರ ಅವರು ಬರಲಿಲ್ಲ, ಹೆಂಗಸರಿಗೆ ಕೊಡಬೇಕಿದ್ದ ಅವರವರ ಫಲಿತಾಂಶವನ್ನೂ ಕಳಿಸಲಿಲ್ಲ. ಹಣಮವ್ವ ಗೇಟಿನ ಹತ್ತಿರ ತಡೆದು ಕೇಳುತ್ತಿದ್ದಳು, ನಾನು ಬರುತ್ತದೆ ತಡಿಯವ್ವಾ ಎಂದು ದಾರಿ ಬದಲಿಸಿ ನಡೆಯತೊಡಗಿದೆ. ಏನು ತಪ್ಪು ಮಾಡಿದೆ? ಮೇಡಂ ಎದುರು ಕಾಲಮೇಲೆ ಕಾಲು ಹಾಕಿ ಕೂತಿದ್ದೆನೇ? ಚಹಾ ಬೇಡ ಅಂದಿದ್ದೆನೇ? ನೆನೆಸಿ ನೆನೆಸಿ ತಲೆ ಕೆಟ್ಟುಹೋಯಿತು.

ಇತ್ತ ನಮ್ಮ ಡೀನ್ ಕರೆಸಿದರು. ಸಾರಾಂಶ ನೋಡಿ, ನೀವು ಎರಡನೆಯವರು, ಅಂದರೆ ನಮ್ಮ ಲೆಕ್ಕದಲ್ಲಿ ಬರೀ ಸಹಾಯ ಮಾಡಿದವರು, ಕಾಯಂ ಆಗಲು ಮೊದಲ ಹೆಸರು ನಿಮ್ಮದಿರಬೇಕು ಅಂದರು. ಕೈಗೆ ಬಂದದ್ದನ್ನು ಯಾಕೆ ಬಿಟ್ಟುಕೊಟ್ಟಿರಿ ಎಂದು ಬೇರೆ ಕೇಳಿದರು. ಹಿರಿಯರು ಸರ್ ಅಂದೆ. ಅವರಿಗೆ ಅರ್ಥವಾಗಲಿಲ್ಲ. ನಾನು ಹೊರಗೆ ಬಂದು ಕ್ಯಾಂಟೀನಿನಲ್ಲಿ ಕೂತು ಅತ್ತೆ.

ಕೊನೆಗೆ ನಮ್ಮೂರ ಪದ್ಧತಿಯನ್ನೇ ಹಿಡಿದೆ. ಹಿರಿಯರಿಗೆ ಸಿಟ್ಟು ಬಂದರೆ ಮನೆಗೆ ಹೋಗಬೇಕು. ಇಲ್ಲಿ ಮನೆಗೆ ಹೋಗುವ ಮೊದಲು ಫೋನು ಮಾಡಿ ಸಮಯ ಕೇಳುವುದು ರೂಢಿ. ಫೋನೇ ಎತ್ತದವರನ್ನು ಏನು ಕೇಳುವುದು? ಊರಿಂದ ಬಂದ ಗರಿಗರಿ ಕಟಿರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಸಿಕಂದರಾಬಾದ್ ಬಸ್ಸು ಹತ್ತಿದೆ. ಬಾಗಿಲು ತೆರೆದ ಮೇಡಂ ಗಾಬರಿಯಾದರು. ಆದರೂ ಒಳಗೆ ಕರೆದು ಹಣೆಗೆ ಕುಂಕುಮ ಇಟ್ಟರು, ನೀರು ಕೊಟ್ಟರು. ರೊಟ್ಟಿಯ ಗಂಟನ್ನು ಅವರ ಮುಂದಿಟ್ಟೆ. ನನ್ನಿಂದ ಏನು ತಪ್ಪಾಯಿತು ಹೇಳಿ ಎಂದು ಕೇಳಿಯೇಬಿಟ್ಟೆ.

“ನನ್ನು ಮೀ ಸ್ಟೂಡೆಂಟ್ ಚೇಸೇಶಾರು ಕದಾ, ಸುನಂದಾ,” ಅಂದರು. ನನ್ನನ್ನು ನಿಮ್ಮ ವಿದ್ಯಾರ್ಥಿನಿ ಮಾಡಿಬಿಟ್ಟಿರಲ್ಲ ಎಂದು.

ಆಮೇಲೆ ಹಿಂದಿ, ತೆಲುಗು ಬೆರೆಸಿ ಅವರು ಹೇಳಿದ್ದು ಇಷ್ಟು. ಅವರ ಶಾಸ್ತ್ರದಲ್ಲಿ ಮೊದಲು ಬರುವುದು ಕೈಕೆಲಸ ಮಾಡಿದ ಕಿರಿಯರ ಹೆಸರು. ಕೊನೆಯ ಜಾಗ ಗುರುವಿನದು, ಪ್ರಯೋಗಾಲಯ ನಡೆಸುವವರದು. ಇಷ್ಟು ವರ್ಷ ಪಾಠ ಮಾಡಿದ ಮೇಲೆ, ಹೊಸದಾಗಿ ಬಂದವಳೊಬ್ಬಳು ನನ್ನನ್ನು ಮುಂದೆ ತಳ್ಳಿ ನನ್ನ ಕುರ್ಚಿಯಲ್ಲಿ ತಾನು ಕೂತಳಲ್ಲ ಎಂದು ಅವರಿಗೆ ನೋವಾಗಿತ್ತು. ನಾನು ಲಗ್ನಪತ್ರಿಕೆಯ ಕಥೆ ಹೇಳಿದೆ. ಅವರು ಕೇಳಿದರು, ಮತ್ತೊಮ್ಮೆ ಹೇಳಿಸಿ ಕೇಳಿದರು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ನಗು ಬರಲಿಲ್ಲ. ಎರಡೇ ಹೆಸರಿನ ಪಟ್ಟಿಯಲ್ಲಿ ಡೀನ್ ಲೆಕ್ಕಕ್ಕೆ ಎಲ್ಲ ಕಳೆದುಕೊಂಡವಳೂ ಮೇಡಂ ಲೆಕ್ಕಕ್ಕೆ ಎಲ್ಲ ದೋಚಿದವಳೂ ಹೇಗಾದೆ ಎಂದು ನಾನಿನ್ನೂ ಯೋಚಿಸುತ್ತಿದ್ದೆ.

ದಾರಿ ಸುಲಭವಾಗಿತ್ತು, ಸಮ್ಮೇಳನದವರು ತಿದ್ದಲು ಇನ್ನೂ ಅವಕಾಶ ಇಟ್ಟಿದ್ದರು. ಹೆಸರುಗಳನ್ನು ತಿರುವಿ ಹಾಕಿದರೆ ನನಗೆ ಮೊದಲ ಜಾಗ, ಅವರಿಗೆ ಮರ್ಯಾದೆಯ ಜಾಗ. ಮೇಡಂ ಅಲ್ಲೇ ತಮ್ಮ ಲ್ಯಾಪ್‌ಟಾಪ್ ತೆಗೆದು ಈಗಲೇ ತಿದ್ದಿ ಅಂದರು. ಅವರು ರೊಟ್ಟಿ ಮುರಿದು ಚಟ್ನಿ ಹಚ್ಚಿಕೊಂಡು ತಿನ್ನುತ್ತ ಕಾದರು, ನನ್ನ ಕೈ ಏಳಲಿಲ್ಲ. ಶರಣಪ್ಪ ಸರ್ ಬೆನ್ನ ಹಿಂದೆಯೇ ನಿಂತಿದ್ದಾರೆ ಅನ್ನಿಸಿತು. ಕಡೆಗೆ ಮೇಡಂ ತಾವೇ ಒಂದು ಕೈಯಿಂದ ನನ್ನ ಹೆಸರನ್ನು ಮೇಲೆ ಒಯ್ದರು.

ಫಲಿತಾಂಶ ಬಂತು, ಹಣಮವ್ವನ ಕೈಗೆ ಕೊಟ್ಟೆ, ಮೇಡಂ ಮಾತ್ರೆಯ ವ್ಯವಸ್ಥೆ ಮಾಡಿದರು. ಸಮ್ಮೇಳನವೂ ಆಯಿತು. ನನ್ನ ಕೆಲಸ ಕಾಯಂ ಆಯಿತು. ಆ ಸಂತೋಷದಲ್ಲಿ ಸಾರಾಂಶದ ಅಚ್ಚಾದ ಪುಟದ ಫೋಟೋವನ್ನು ಮೊದಲು ಕಳಿಸಿದ್ದು ಶರಣಪ್ಪ ಸರ್‌ಗೆ. ಯಾವಾಗಲೂ ಕೂಡಲೇ ಫೋನು ಮಾಡುವವರು ಮರುದಿನ ಮಾಡಿದರು. ವಿಜಯಲಕ್ಷ್ಮಿ ಮೇಡಂ ದೊಡ್ಡವರು ಅಂತ ನೀನೇ ಹೇಳಿದ್ದೆಯಲ್ಲ ಎಂದು ಕೇಳಿದರು. ಹೌದು ಸರ್ ಅಂದೆ.

“ಮತ್ತ ಅವರ ಹೆಸರು ನಿನ್ನ ಕೆಳಗ ಹಾಕೀದಿ. ಭಾಳ ದೊಡ್ಡಾಕಿ ಆದಿ ಬಿಡವ್ವಾ,” ಅಂದರು.

ನಾನು ಎಲ್ಲ ವಿವರಿಸಿದೆ. ವಿವರಿಸಿದಷ್ಟೂ ಅದು ನನಗೇ ಸಬೂಬಿನಂತೆ ಕೇಳಿಸಿತು. ಸರ್ ಹೂಂ ಹೂಂ ಎನ್ನುತ್ತ ಕೇಳಿದರು. ಮಾತು ಬದಲಿಸಲೆಂದು, ನಾವಿಬ್ಬರೂ ಕೂಡಿ ಒಂದು ಲೇಖನ ಬರೆಯೋಣ ಸರ್ ಅಂದೆ. ರಾಯಚೂರು ಕಡೆಯ ಊರುಗಳಲ್ಲಿ ಅವರು, ಇಲ್ಲಿಯ ಕಟ್ಟಡಗಳಲ್ಲಿ ನಾನು, ಗುಳೆ ಬಂದ ಹೆಂಗಸರ ಬಗ್ಗೆ. ಅವರಿಗೆ ಖುಷಿಯಾಯಿತು, ದನಿ ಮೊದಲಿನಂತಾಯಿತು. ಆಗ ನನ್ನ ಬಾಯಿಗೆ ಏನು ಬಂತೋ, ನಿಮ್ಮ ಹೆಸರು ಎಲ್ಲಿ ಹಾಕಲಿ ಸರ್ ಎಂದು ಕೇಳಿಬಿಟ್ಟೆ. ಹತ್ತು ತಿಂಗಳ ಹಿಂದೆ ಈ ಪ್ರಶ್ನೆ ನನ್ನ ಕನಸಿನಲ್ಲೂ ಬರುತ್ತಿರಲಿಲ್ಲ.

“ನೀ ಈಗ ಯಾವೂರಾಕಿ ಅದನ್ನ ಹೇಳವ್ವಾ ಮೊದಲ. ಆ ಊರ ಪದ್ಧತಿ ಹ್ಯಾಂಗ ಐತಿ ಹಂಗ ಹಾಕು,” ಅಂದರು.

ಸಿಟ್ಟಿನಿಂದ ಹೇಳಿದ್ದಲ್ಲ, ಅಕ್ಕರೆಯಿಂದಲೇ ಹೇಳಿದ್ದು. ರಾಯಚೂರು ಅಂದರೆ ಸುಳ್ಳಾಗುತ್ತಿತ್ತು. ಹೈದರಾಬಾದ್ ಅನ್ನಲು ನಾಲಿಗೆ ಹೊರಳಲಿಲ್ಲ. ವಿಚಾರ ಮಾಡಿ ಹೇಳುತ್ತೇನೆ ಸರ್ ಎಂದು ಫೋನು ಇಟ್ಟೆ. ಲೇಖನ ಬರೆದು ಮುಗಿಸಿ ತಿಂಗಳಾಯಿತು, ಹೆಸರಿನ ಜಾಗ ಮಾತ್ರ ಹಾಗೆಯೇ ಖಾಲಿ ಇದೆ.