ದಿಲ್ಲಿಯ ನೆಗೆಣ್ಣಿ

ಆಕೆಯ ಹಿಮ್ಮಡಿ ಒಮ್ಮೆಯೂ ಒಡೆದದ್ದನ್ನು ನಾನು ಕಾಣೆ. ಗಜೇಂದ್ರಗಡದ ಬೇಸಗೆಯಲ್ಲಿ ನಮ್ಮೆಲ್ಲರ ಕಾಲು ಎರೆಹೊಲದಂತೆ ಬಿರಿಯುತ್ತಿದ್ದರೆ, ಈಕೆ ದಿಲ್ಲಿಯಿಂದ ಬಂದು ಪಡಸಾಲೆಯಲ್ಲಿ ಚಪ್ಪಲಿ ಬಿಟ್ಟಾಗ ಕಾಣುತ್ತಿದ್ದದ್ದು ನುಣ್ಣನೆಯ ಗುಲಾಬಿ ಹಿಮ್ಮಡಿ. ನನ್ನ ಗಂಡನ ಅಣ್ಣನ ಹೆಂಡತಿ. ನಮ್ಮ ಕಡೆಯ ಮಾತಿನಲ್ಲಿ ನೆಗೆಣ್ಣಿ. ಆಕೆ ಬಂದಾಗಲೆಲ್ಲ ನಾನು ನನ್ನ ಕಾಲನ್ನು ಸೀರೆಯೊಳಗೆ ಎಳೆದುಕೊಳ್ಳುತ್ತಿದ್ದೆ.

ನರಗುಂದದ ಹುಡುಗಿ, ದಿಲ್ಲಿಗೆ ಹೋಗಿ ವಿದೇಶಾಂಗ ಖಾತೆಯ ಸಲಹೆಗಾರ್ತಿಯಾದಳು. ನೆರೆ ದೇಶಗಳ ಜೊತೆ ಗಡಿಯ ಮಾತುಕತೆ ನಡೆದಾಗ ಮಂತ್ರಿಗಳು ಏನು ಹೇಳಬೇಕು, ಏನು ಹೇಳಬಾರದು ಎಂದು ಬರೆದುಕೊಡುವ ಕೆಲಸ. ಟೀವಿಯಲ್ಲಿ ಅರೆಗಳಿಗೆ ಕಂಡರೆ ಸಾಕು, ನಮ್ಮ ಅತ್ತೆ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರು: "ಲಗೂ ಬರ್ರೆವಾ, ನಮ್ಮ ಹಿರೇಸೊಸಿ ಮಂತ್ರಿ ಹಿಂದ ಕುಂತಾಳ!" ಒಳಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅಂದು ರೊಟ್ಟಿಯ ಸಪ್ಪಳ ತುಸು ಜೋರಾಗಿಯೇ ಇರುತ್ತಿತ್ತು. ಸೂಡಿಯ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಸಮಾಜ ವಿಜ್ಞಾನ ಕಲಿಸಿದವಳು ನಾನು. ಆದರೂ ಬಸ್ಸಿನಲ್ಲಿ ಜನ ಕೇಳುತ್ತಿದ್ದದ್ದು, "ನೀವು ದಿಲ್ಲಿಯವರ ನೆಗೆಣ್ಣಿ ಅಲ್ಲೇನ್ರಿ?" ಎಂದೇ.

ಅದನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ನುಂಗಲಾಗದ್ದು, ಆಕೆ ಆ ಹುದ್ದೆ ಬಿಟ್ಟು ಸಂಶೋಧನೆಗೆ ಇಳಿದದ್ದು. "ಸಲಹಾ ಕೊಟ್ಟು ಕೊಟ್ಟು ಸಾಕಾತು ತಂಗಿ. ಇನ್ನ ಮಂದಿ ಹೇಳೂದು ಕೇಳಬೇಕು" ಎಂದಳು. ವಿಷಯವಾದರೂ ಯಾವುದು? ನಮ್ಮೂರಿನ ಆಚೆ ಹಾದುಹೋಗಿದ್ದ ನಿಜಾಮನ ರಾಜ್ಯದ ಗಡಿ; ಅದನ್ನು ದಾಟಿ ಓಡಾಡಿದ ಹೆಣ್ಣುಮಕ್ಕಳ ನೆನಪು. ಅಯ್ಯೋ ಶಿವನೇ! ಅದು ನನ್ನ ವಿಷಯ. ಮದುವೆಗೆ ಮೊದಲು ಪಿಎಚ್.ಡಿ.ಗೆ ಹೆಸರು ಹಚ್ಚಿ, ಮಗಳು ಹುಟ್ಟಿದ ಮೇಲೆ ಕೈಬಿಟ್ಟದ್ದು. ಆಕೆಗೆ ಇದು ಗೊತ್ತಿರಲಿಲ್ಲ. ಹೇಳಲು ನನ್ನ ಬಾಯಿಯೂ ಏಳಲಿಲ್ಲ.

ಎರಡು ತಿಂಗಳಿಗೆಂದು ನಮ್ಮ ಮನೆಗೇ ಬಂದಿಳಿದಳು. ಆಕೆಯ ರೀತಿಯೇ ಬೇರೆ. ಒಂದೇ ಪ್ರಶ್ನೆ ಕೇಳುವುದು, ಆಮೇಲೆ ಅವರೆಕಾಯಿ ಬಿಡಿಸುತ್ತ ಸುಮ್ಮನೆ ಕೂಡುವುದು. ಒಂದು ಮಧ್ಯಾಹ್ನ ನಾನು ಸಾಲೆಯಿಂದ ಬಂದರೆ, ಎಂಬತ್ತು ದಾಟಿದ ಅತ್ತೆ ನಗುತ್ತ ಆಕೆಗೆ ಹಳೆಯ ಕಥೆ ಹೇಳುತ್ತಿದ್ದರು. ಅವರ ತವರು ಗಡಿಯಾಚೆ. ಏಳು ವರ್ಷದವರಿದ್ದಾಗ, ಅಜ್ಜಿ ಬುತ್ತಿಗಂಟಿನಲ್ಲಿ ರೊಟ್ಟಿಯ ಕೆಳಗೆ ಸುಂಕ ತಪ್ಪಿಸಿದ ಬಟ್ಟೆಯನ್ನಿಟ್ಟು ಇವರ ತಲೆಯ ಮೇಲೆ ಹೊರಿಸಿದ್ದಳಂತೆ. ಗಡಿಯ ಸುಂಕದ ನಾಕಾದಲ್ಲಿ ಸಿಪಾಯಿ ಗಂಟು ಬಿಚ್ಚಿಸಿ, ಮೇಲಿನ ರೊಟ್ಟಿ ತೆಗೆದು ತಿನ್ನತೊಡಗಿದನಂತೆ. ಅತ್ತೆಯ ಜೊತೆ ಒಂದೇ ಮನೆಯಲ್ಲಿ ಆಗಲೇ ಇಪ್ಪತ್ತೆಂಟು ವರ್ಷ ಕಳೆದಿದ್ದೆ. ಒಂದಕ್ಷರ ನನಗೆ ಹೇಳಿರಲಿಲ್ಲ.

"ನನಗ ಯಾಕ ಹೇಳಲಿಲ್ರಿ ಅತ್ತಿ?"

"ನೀ ಕೇಳ್ತಿ ಖರೇ. ಉತ್ತರಾನೂ ನೀನ ಹೇಳ್ತೀಯಲ್ಲವಾ!"

ನೆಗೆಣ್ಣಿ ನಕ್ಕಳು. ಆ ನಗು ನನಗೆ ಚುಚ್ಚಿತು. ಸಂಜೆ ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತ ಮೆಲ್ಲಗೆ ಅಂದೆ: "ಅಕಿ ಸರಕಾರದಾಕಿ, ನೋಡ್ರಿ. ಕಳ್ಳಮಾಲಿನ ಮಾತೆಲ್ಲಾ ದಿಲ್ಲಿಗೆ ಮುಟ್ಟತಾವ." ನನ್ನ ಕೈಯಡಿಯಲ್ಲಿ ಆ ಮುದಿ ತಲೆ ಬಿಗಿಯಾಯಿತು.

ಮರುದಿನದಿಂದ ಅತ್ತೆ ಆಕೆಗೆ ಏನೂ ಹೇಳಲಿಲ್ಲ. ಯಾರು ಕೇಳಿದರೂ ತಲೆನೋವು ಎನ್ನುತ್ತಿದ್ದರು. ನಾಲ್ಕು ದಿನ ಕಳೆದ ಮೇಲೆ ಆಕೆ ಮುಶಿಗೇರಿಯ ಕಡೆ ಬೇರೆ ಮುದುಕಿಯರನ್ನು ಹುಡುಕಿಕೊಂಡು ಹೋದಳು. ಆಕೆ ದಿಲ್ಲಿಗೆ ಹೊರಟ ದಿನ ನಾನು ಹೋಳಿಗೆ ಮಾಡಿದೆ. ಸುಳ್ಳೇಕೆ, ಖುಷಿಗೇ ಮಾಡಿದೆ.

ಆಕೆಯ ಬಸ್ಸು ಹೋದ ವಾರದಲ್ಲೇ ಅತ್ತೆ ತಾವಾಗಿ ನನ್ನನ್ನು ಕರೆದು ಕೂಡಿಸಿಕೊಂಡು, ನಿಂತಲ್ಲಿಂದ ಕಥೆ ಮುಂದುವರಿಸಿದರು. ದಿನಾ ಸಾಲೆ ಬಿಟ್ಟು ಬಂದು ಬರೆದುಕೊಂಡೆ. ನಾಲ್ಕು ನೋಟುಬುಕ್ಕು ತುಂಬಿದವು. ನನ್ನ ಹೆಸರಿನ ಪುಸ್ತಕವಾಯಿತು, ರೋಣದಲ್ಲಿ ಶಾಲು ಹೊದಿಸಿದರು. ಆಕೆಯ ದಪ್ಪ ಗ್ರಂಥವೂ ಬಂತು. ಎರಡು ಸಲ ತಿರುವಿ ಹಾಕಿದೆ: ಅತ್ತೆಯ ಸುದ್ದಿ ಎಲ್ಲಿಯೂ ಇಲ್ಲ. ಗೆದ್ದೆ ಅನಿಸಿತು.

ಹೋದ ಮಳೆಗಾಲದಲ್ಲಿ ಮೂರು ವಾರದ ಬೇನೆಯಲ್ಲಿ ಆಕೆ ತೀರಿಕೊಂಡಳು. ದಿನಕರ್ಮ ಮುಗಿದ ಮೇಲೆ ನನಗೆ ತಡೆಯಲಾಗಲಿಲ್ಲ. ಅತ್ತೆಯ ಕಾಲ ಬಳಿ ಕೂತು, ಅಂದು ಹೆದರಿಸಿದ್ದು ಬರೀ ಸುಳ್ಳು ಎಂದು ಒಪ್ಪಿಕೊಂಡೆ.

"ಗೊತ್ತೈತಿ ಬಿಡು" ಎಂದರು ಅತ್ತೆ. "ಮರುದಿನಾನ ಅಕಿನ್ನ ಕೇಳಿದೆ, ಖರೇ ಏನವಾ ಅಂತ. ನೀ ಇದ ಗಡಿ ಮ್ಯಾಲಿನ ಓದು ಅರ್ಧಕ್ಕ ಬಿಟ್ಟಿದ್ದೂ ಹೇಳಿದೆ. ಕೈಯಾಗಿನ ಅವರಿಕಾಯಿ ಬಾಜೂಕ ಇಟ್ಲು. ಆಮ್ಯಾಲ, 'ಹಂಗಾರ ನನಗ ಹೇಳಬ್ಯಾಡ್ರಿ, ತಂಗಿಗೇ ಹೇಳ್ರಿ. ನಾ ಹೇಳೀನಿ ಅಂತ ಮಾತ್ರ ತಿಳಿಸಬ್ಯಾಡ್ರಿ' ಅಂದ್ಲು."

ಆಕೆಯ ಕೈಯಿಂದ ಒಂದನ್ನಾದರೂ ಕಸಿದುಕೊಂಡೆ ಎಂಬ ಹೆಮ್ಮೆಯೊಂದು ನನಗಿತ್ತು. ಪುಣ್ಯಾತಗಿತ್ತಿ, ಹೋಗುವಾಗ ಅದನ್ನೂ ಒಯ್ದಳು.