ಕುಚ್ಚಿನಕ್ಕನ ನುಗ್ಗೆಮರ

ಮೊನ್ನೆ ಬೆಳಗ್ಗೆ ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದಾಗ ಕೂದಲು ಸುಟ್ಟ ವಾಸನೆ ಬಂತು. ಜೊತೆಗೆ ಸೀಮೆಎಣ್ಣೆ... ಈಗ ಸೀಮೆಎಣ್ಣೆ ಎಲ್ಲಿ ಸಿಗುತ್ತದೆ, ಡೀಸೆಲ್ ಇದ್ದಿರಬೇಕು. ಕುವೆಂಪುನಗರದ ನಮ್ಮ ಮನೆಯ ಹಿಂದೆ ಯಾರೋ ನುಗ್ಗೆಮರದ ಕಂಬಳಿಹುಳ ಸುಡುತ್ತಿದ್ದರು. ಒದ್ದೆ ಟವೆಲನ್ನು ಮುಖಕ್ಕೆ ಒತ್ತಿಕೊಂಡು ಅಲ್ಲೇ ಕುಳಿತುಬಿಟ್ಟೆ.

ಮದುವೆಯಾದ ಹೊಸದರಲ್ಲಿ ನಾವು ಸಿದ್ಧಾರ್ಥನಗರದಲ್ಲಿ ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿದ್ದೆವು. ಎದುರಿನ ಹೆಂಚಿನ ಮನೆಯಲ್ಲಿ ರೇಷ್ಮೆ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುವ ಹೆಂಗಸೊಬ್ಬರಿದ್ದರು. ಗಂಡ ತೀರಿಕೊಂಡಿದ್ದರು, ಕುಚ್ಚೇ ಅವರ ಅನ್ನ. ಇಡೀ ಬೀದಿಗೆ ಅವರು ಕುಚ್ಚಿನಕ್ಕ. ಬೆಳಗ್ಗೆ ಬಿಸಿಲು ಬಿದ್ದ ಕೂಡಲೇ ಜಗಲಿಗೆ ಬಂದು, ಸೆರಗನ್ನು ಮಣೆಗೆ ಬಿಗಿದು ಕೂರುತ್ತಿದ್ದರು. ಕೂದಲಿಗಿಂತ ತೆಳುವಾದ ಎಳೆಗಳನ್ನು ಬೇರ್ಪಡಿಸಿ ಗಂಟು ಹಾಕುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಒಮ್ಮೆ ಹೊಗಳಿದ್ದಕ್ಕೆ ತಲೆಯೆತ್ತದೆಯೇ, "ನನ್ನ ನುಗ್ಗೆಮರ ಹತ್ತಿಸ್ಬ್ಯಾಡಿ ಕಣ್ರೀ, ಮೇಲೆಲ್ಲಾ ಹುಳ ಐತೆ" ಅಂದಿದ್ದರು.

ನುಗ್ಗೆಮರ ಅವರ ಮನೆಯ ಮುಂದೆಯೇ ಇತ್ತು. ಸಾರಿಗೆ ಕಾಯಿ, ಪಲ್ಯಕ್ಕೆ ಸೊಪ್ಪು, ಬಾಣಂತಿ ಇದ್ದ ಮನೆಗೆ ಹೂವು. ಬೀದಿಯವರೆಲ್ಲ ದೋಟಿ ಹಿಡಿದು ಬಂದು ಕೀಳುತ್ತಿದ್ದರು, ಕೇಳುವ ಪದ್ಧತಿಯೂ ಇರಲಿಲ್ಲ. ಆದರೆ ಕಾಂಡದ ಮೇಲೆ ಕಂಬಳಿಹುಳಗಳು ಗುಂಪುಗಟ್ಟಿದಾಗ ಮಾತ್ರ ಅದು ಕುಚ್ಚಿನಕ್ಕನ ಮರವಾಗುತ್ತಿತ್ತು. ಒಣಗಲು ಹಾಕಿದ ಬಟ್ಟೆಯಲ್ಲಿ ಹುಳ, ಮಕ್ಕಳ ಕತ್ತಿನಲ್ಲಿ ದದ್ದು. ಎಲ್ಲರೂ ಅವರ ಬಾಗಿಲಿಗೇ ಬಂದು ದೂರುತ್ತಿದ್ದರು.

ಕುಚ್ಚಿನಕ್ಕನ ಪಕ್ಕದ ಮನೆಯ ಯಜಮಾನರು ಆ ವರ್ಷ ಹೊಸ ಕಾರು ತಂದಿದ್ದರು. ನೆರಳಿದೆಯೆಂದು ಮರದ ಕೆಳಗೇ ನಿಲ್ಲಿಸುತ್ತಿದ್ದರು. ಒಂದು ಬೆಳಗ್ಗೆ ಅವರ ದನಿ ನಮ್ಮ ಮಹಡಿಗೂ ಕೇಳಿಸಿತು.

"ಏನಮ್ಮ, ಗಾಜಿನ ಮೇಲೆಲ್ಲ ಹುಳ ಹರೀತಾವೆ. ಸುಡಿಸ್ತೀಯೋ, ಮರಾನೇ ಕಡಿಸ್ಲೋ?"

"ಕಾರು ಅತ್ಲಾಗೆ ನಿಲ್ಲಿಸ್ಕೊಳಿ ಸ್ವಾಮಿ, ಹುಳ ಏನು ಲೈಸೆನ್ಸ್ ಕೇಳ್ಕೊಂಡ್ ಬತ್ತದಾ?"

ಕೆಳಗೆ ನಾಲ್ಕು ಜನ ನಕ್ಕರು. ಆ ನಗು ಯಜಮಾನರಿಗೆ ಚುಚ್ಚಿರಬೇಕು. ಸ್ವಲ್ಪ ಹೊತ್ತಿಗೆ ದೋಟಿಯ ತುದಿಗೆ ಹಳೆ ಬನಿಯನ್ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ, ತಾವೇ ಪಂಜು ಹೊತ್ತಿಸಿಕೊಂಡು ಬಂದರು. ಬೀದಿಯ ಯಾರಿಗೂ ಅದು ವಿಚಿತ್ರವಾಗಿ ಕಾಣಲಿಲ್ಲ. ನಮ್ಮ ಕಡೆ ಎಲ್ಲರೂ ಕಂಬಳಿಹುಳಕ್ಕೆ ಮಾಡುವುದು ಇದನ್ನೇ. ಅಷ್ಟರಲ್ಲಿ ನಾನೂ ಕೆಳಗಿಳಿದು, ಹಾಲಿನ ಪಾತ್ರೆ ಹಿಡಿದು ಗೇಟಿನ ಬಳಿ ನಿಂತಿದ್ದೆ.

ಬೆಂಕಿ ಕಾಂಡ ಬಿಟ್ಟು ಮೇಲಕ್ಕೆ ಹೋಯಿತು. ಕುಚ್ಚಿನಕ್ಕ ಜಗಲಿಯಿಂದ ಧಡಕ್ಕನೆ ಎದ್ದು ಓಡಿದರು. "ಅಯ್ಯೋ, ಆ ರೆಂಬೆ ಬ್ಯಾಡ, ಹೂ ಬುಟ್ಟದೆ!" ಎನ್ನುತ್ತಾ ಮರದ ಕೆಳಗೆ ನಿಂತು ಮುಖವೆತ್ತಿದರು.

ಆ ಮುಖವೆತ್ತಿದ್ದು... ಅದೊಂದೇ ನನಗೆ ಮತ್ತೆ ಮತ್ತೆ ಕಾಣುವುದು. ಅರ್ಧ ಸುಟ್ಟ ಹುಳಗಳ ಮುದ್ದೆ ಕಳಚಿ ಬಿತ್ತು. ಜೊತೆಗೆ ಹೊಗೆ, ಹೊಗೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮ. ಅವರು ಚೀರಿ ಸೆರಗಿನಿಂದ ಕಣ್ಣುಜ್ಜಿಕೊಂಡರು. ಕೆಮ್ಮು ಹತ್ತಿತು. ನೋಡುತ್ತಿದ್ದಂತೆ ಕತ್ತು, ಕೆನ್ನೆ, ತುಟಿ ಕೆಂಪಗೆ ಊದಿಕೊಂಡವು. ಅವರನ್ನು ಈಚೆಗೆಳೆದ ನನ್ನ ಮುಂಗೈಯಲ್ಲೂ ಉರಿ ಎದ್ದಿತು.

ಮೂಲೆಮನೆಯ ಅಜ್ಜಿ ಒಳಗಿಂದ ಕರಿ ಕಂಬಳಿ ತಂದರು. "ಕಂಬಳಿಹುಳಕ್ಕೆ ಕಂಬಳಿನೇ ಮದ್ದು ಕಣಮ್ಮ, ಚೆನ್ನಾಗಿ ತಿಕ್ಕಿ." ಇಬ್ಬರು ಹಿಡಿದುಕೊಂಡರು, ಒಬ್ಬರು ತಿಕ್ಕಿದರು. ತಿಕ್ಕಬೇಡಿ, ನೀರಿನಲ್ಲಿ ತೊಳೆಯೋಣ ಎಂದು ನಾನು ಕೂಗಿಕೊಂಡೆ. "ನೀವು ಓದಿದೋರು ಸುಮ್ಕಿರಿ" ಎಂದರು. ಕಣ್ಣು ತಂಪಾಗಲೆಂದು ಹರಳೆಣ್ಣೆ ಬಿಟ್ಟು, ರೆಪ್ಪೆಯನ್ನು ಹೆಬ್ಬೆರಳಲ್ಲಿ ನೀವಿದರು. ಎಲ್ಲರೂ ಪ್ರೀತಿಯಿಂದಲೇ ಮಾಡಿದರು, ಅದನ್ನೂ ಹೇಳಬೇಕು.

ಉಸಿರು ಸಿಳ್ಳೆಯಂತೆ ಬರತೊಡಗಿದಾಗ ನಾನು ಸ್ಕೂಟರ್ ತೆಗೆದೆ. ಹಿಂದೆ ಕುಳಿತು ನನ್ನ ಸೊಂಟ ಬಿಗಿಯಾಗಿ ಹಿಡಿದಿದ್ದ ಆ ಕೈ ಎಲ್ಲಿ ಸಡಿಲವಾಗುವುದೋ ಎಂಬ ಭಯದಲ್ಲೇ ಓಡಿಸಿದೆ. ಕ್ಲಿನಿಕ್ಕಿನಲ್ಲಿ ಸೂಜಿ ಚುಚ್ಚಿದ ಮೇಲೆ ಉಸಿರು ಹದಕ್ಕೆ ಬಂತು. ಡಾಕ್ಟರು ನಮ್ಮಿಬ್ಬರ ಕೈಗೂ ಅಂಟುವ ಟೇಪನ್ನು ಹಚ್ಚಿ ಹಚ್ಚಿ ಕಿತ್ತರು. ಟೇಪಿನ ಮೇಲೆ ರೋಮಗಳು ಸಾಲಾಗಿ ಅಂಟಿಕೊಂಡು ಬಂದವು. ಆಮೇಲೆ ಅಕ್ಕನ ಕಣ್ಣಿಗೆ ಟಾರ್ಚು ಹಿಡಿದು, "ಉಜ್ಜಿದ್ರಾ?" ಎಂದರು. ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಅಲ್ಲಿ ಕಣ್ಣಿನಿಂದ ಕೆಲವು ರೋಮ ತೆಗೆದರು. ಉಳಿದವು ಒಳಕ್ಕೆ ಇಳಿದಿದ್ದವು. ದದ್ದು, ನವೆ ಎಲ್ಲ ಮಾಯವಾದವು. ಬಲಗಣ್ಣು ಮಾತ್ರ ತಿಂಗಳುಗಟ್ಟಲೆ ಕೆಂಪಾಗಿಯೇ ಇದ್ದು, ಕೊನೆಗೆ ಮಂಜಾಯಿತು.

ಅವರು ಆಸ್ಪತ್ರೆಯಲ್ಲಿದ್ದಾಗಲೇ ಯಜಮಾನರು ಮರ ಕಡಿಸಿದರು. ಬಿದ್ದ ಮರದಿಂದ ಸೊಪ್ಪು, ಕಾಯಿ ಬಿಡಿಸಿಕೊಳ್ಳಲು ಅದೇ ಬೀದಿಯವರು ಚೀಲ ತಂದರು. ಸುಟ್ಟ ಭಾಗವನ್ನಷ್ಟೇ ಬಿಟ್ಟರು. "ಕಣ್ಣು ಉಜ್ಕೊಂಡ್ರೆ ಯಾರೇನು ಮಾಡಕ್ಕಾಗುತ್ತೆ? ಆಯಮ್ಮಂಗೆ ಮೊದಲಿಂದ್ಲೂ ಕಣ್ಣು ಸರಿ ಇರ್ಲಿಲ್ಲ" ಎಂದು ಯಜಮಾನರು ಹೇಳುತ್ತಿದ್ದರು. ಕೂದಲೆಳೆಗೆ ಗಂಟು ಹಾಕುತ್ತಿದ್ದ ಕಣ್ಣನ್ನು ಸರಿ ಇರಲಿಲ್ಲ ಎಂದರು. ಕೇಳಿದವರು ತಲೆಯಾಡಿಸಿದರು.

ಕುಚ್ಚಿನಕ್ಕ ಹಿನಕಲ್ಲಿನ ತಂಗಿಯ ಮನೆಗೆ ಹೋದರು. ಒಮ್ಮೆ ನೋಡಲು ಹೋಗಿದ್ದೆ. ನನ್ನ ಸೀರೆಯೊಂದು ಅವರ ಬಳಿಯೇ ಉಳಿದಿತ್ತು, ಮಡಚಿ ಕೈಗಿಟ್ಟರು. ಅರ್ಧ ಸೆರಗಿಗೆ ಮಲ್ಲಿಗೆ ಮೊಗ್ಗಿನಂಥ ಕುಚ್ಚು, ಉಳಿದರ್ಧ ಬಿಡಿ ಎಳೆ.

"ಬ್ಯಾರೆ ಯಾರತ್ರನಾದ್ರೂ ಕಟ್ಟಿಸ್ಕೊಳಮ್ಮ" ಎಂದರು. "ಒಂದು ಕಣ್ಣಲ್ಲಿ ಎಳೆ ಕಾಣ್ತದೆ ಕಣವ್ವ, ಎಷ್ಟು ದೂರದಲ್ಲೈತೆ ಅಂತ ತಿಳಿಯಾಕಿಲ್ಲ. ಗಂಟು ಗಾಳೀಲಿ ಬೀಳ್ತದೆ."

ಕಳೆದ ವರ್ಷ ಅವರು ತೀರಿಹೋದರೆಂದು ತಿಳಿಯಿತು. ಸೀರೆಯನ್ನು ನಾನು ಇವತ್ತಿಗೂ ಉಟ್ಟಿಲ್ಲ, ಯಾರ ಹತ್ತಿರವೂ ಪೂರ್ತಿ ಮಾಡಿಸಿಲ್ಲ...

ಮೊನ್ನೆ ತಾರಸಿಯಿಂದ ಇಳಿದು ಹಿಂದಿನ ಮನೆಗೆ ಹೋದೆ. ಸುಡಬೇಡಿ, ಸೋಪಿನ ನೀರು ಹೊಡೆಯಿರಿ, ಮರದ ಕೆಳಗೆ ಯಾರೂ ನಿಲ್ಲಬೇಡಿ ಎಂದೆ. "ಹುಳ ತಾನೇ ಮೇಡಂ" ಎಂದು ಪಂಜು ಹಿಡಿದಿದ್ದಾತ ನಕ್ಕು, ಮರ್ಯಾದೆಗೆ ಅದನ್ನು ಇಳಿಸಿದ. ಮನೆಗೆ ಬಂದು ಕಿಟಕಿ ಹಾಕುವಷ್ಟರಲ್ಲಿ ಅದೇ ವಾಸನೆ ಮತ್ತೆ ಬಂತು. ಗಾಜಿನಾಚೆ ಆತನ ಹೆಂಡತಿ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಮರದ ಕೆಳಗೆ ಮುಖವೆತ್ತಿ ನಿಂತಿದ್ದಳು.